ತೊಟ್ಟಿಲ ಹಲಗೆಯ ಪೆಟ್ಟಿಗೆ

ಸನೋಬರ್,

ನೀನು ತವರಿಂದ ಬರೋ ಹೊತ್ತಿಗೆ ನಾನು ಮಾಡಿಟ್ಟ ಹೊಸ ತೊಟ್ಟಿಲುಗಳನ್ನ ಮಾರೋಕೆ ಮಾರ್ಗಿಲಾನ್ ಸಂತೇಲಿರ್ತೀನಿ. ಹೆಸರುಕಾಳಿನ ಗಂಜಿ ಮುಚ್ಚಿಟ್ಟಿದೀನಿ, ಬೆಕ್ಕಿಗೆ ಹಾಕದೆ ನೀನೇ ಉಣ್ಣು.

"ಉಳಿ, ಬಾಚಿ ಎಲ್ಲಾ ಕಾಲಿಗೆ ಸಿಗ್ತವೆ, ಒಂದು ಪೆಟ್ಟಿಗೆ ಮಾಡ್ಕೊಳ್ಳೋಕೆ ಏನು ರೋಗ ನಿಮಗೆ" ಅಂತಿದ್ದೆಯಲ್ಲ, ಮಾಡಿದೀನಿ. ಮೇಲಿನ ಖಾನೇಲಿ ಉಳಿ, ಕೆಳಗೆ ಗರಗಸ. ಹಲಗೆ ನಮ್ಮ ಮಗೂನ ತೊಟ್ಟಿಲಿಂದು.

ಮಗು ಹೋಗಿ ನಲವತ್ತು ದಿನ ಆದ್ರೂ ನೀನು ಖಾಲಿ ತೊಟ್ಟಿಲು ತೂಗ್ತಿದ್ದೆ. ತೂಗಬಾರದು ಅಂತ ಅಮ್ಮ ಬಡ್ಕೊಂಡ್ರೂ ಕೇಳಲಿಲ್ಲ. ನನಗೆ ನೋಡೋಕಾಗಲಿಲ್ಲ, ಬಿಚ್ಚಿಬಿಟ್ಟೆ. ಬೈಯೋದಿದ್ರೆ ಸಂಜೆ ಬೈ.

ಮಗೂನ ಉಚ್ಚೆ ಕೆಳಗೆ ಇಳೀಲಿ ಅಂತ ತಳದ ಹಲಗೇಲಿ ಕೊರೆದಿದ್ದ ತೂತಿಗೆ ಮರದ ಬಿಲ್ಲೆ ಕೂರಿಸಿದೀನಿ, ಅದೇ ಈಗ ಪೆಟ್ಟಿಗೆ ತಳ. ಆ ಜಾಗದ ಮೇಲೆ ನಾನು ಏನೂ ಇಟ್ಟಿಲ್ಲ. ನೀನೂ ಇಡಬೇಡ.

ಎರ್ಗಶ್