ಕೆಲ್‌ವಿಕ್‌ನಲ್ಲಿ ಒಂದು ನಿಮಿಷ

ಸೋಮವಾರ, ಜನವರಿ 6

ಕಸ್ಟರ್ಡ್ ತಳ ಹಿಡಿಯಿತು. ಇನ್ನೂರ ಹತ್ತು ಮಕ್ಕಳಿಗೆ ಒಂದೇ ಪಾತ್ರೆ, ಕೈಯಾಡಿಸುವವಳು ನಾನೊಬ್ಬಳೇ. ಹೇಳಿ ಹೇಳಿ ಸಾಕಾಯಿತು. ಎರಡು ಗಂಟೆಗೆ ಏಪ್ರನ್ ಬಿಚ್ಚಿ, ಶಾಲೆಯ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಫುಟ್‌ಬಾಲ್ ಕ್ಲಬ್ಬಿಗೆ ಫೋನ್ ಮಾಡಿದೆ. ಮೂರನೇ ಸಲ. ಈ ಸಲ ಅಧ್ಯಕ್ಷನೇ ಎತ್ತಿದ. ರಾಡ್ನಿ ಪೆಲ್‌ಹ್ಯಾಮ್.

"ನಿಮ್ಮ ದುಃಖ ಅರ್ಥ ಆಗುತ್ತೆ ಮಿಸೆಸ್ ಪ್ರೌಟ್. ಆದ್ರೆ ಸತ್ತೋರಿಗೆಲ್ಲ ಒಂದೊಂದು ನಿಮಿಷ ಮೌನ ಅಂತ ಶುರು ಮಾಡಿದ್ರೆ ಆಟ ಶುರುವಾಗೋದು ಯಾವಾಗ ಹೇಳಿ?"

"ಸತ್ತೋರೆಲ್ಲ ನಿಮ್ಮ ಹುಲ್ಲನ್ನ ಮೂವತ್ತೊಂದು ವರ್ಷ ಬಿಟ್ಟಿ ಕತ್ತರಿಸಿದ್ರಾ?"

"ಈಗ ನಮ್ಮಲ್ಲಿ ಹುಲ್ಲೇ ಇಲ್ವಲ್ಲ ಮೇಡಂ."

ವ್ಯಂಗ್ಯವಾಗಿ ಅನ್ನಲಿಲ್ಲ. ಹವಾಮಾನ ಹೇಳುವವನ ಹಾಗೆ ಅಂದ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಮಂಗಳವಾರ, ಜನವರಿ 7

ನಿದ್ದೆ ಸರಿಯಾಗಿಲ್ಲ. ಪೆಲ್‌ಹ್ಯಾಮ್‌ಗೆ ಹೇಳಬೇಕಿದ್ದ ಮಾತೆಲ್ಲ ಈಗ ನೆನಪಾಗುತ್ತಿದೆ.

ಹೋದ ಜೂನ್‌ನಲ್ಲಿ ಮೈದಾನದ ಹುಲ್ಲು ಕಿತ್ತು ಪ್ಲಾಸ್ಟಿಕ್ ಹಾಸಲು ಯಂತ್ರಗಳು ಬಂದವು. ನನ್ನ ಗಂಡ ಕ್ಲೈವ್ ಹುಲ್ಲು ಸಮ ಮಾಡುವ ತನ್ನ ರೋಲರ್ ತಂದು ಗೇಟಿಗೆ ಅಡ್ಡ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು ಅದರ ಮೇಲೆ ಕೂತ. ನಾಲ್ಕು ಗಂಟೆ. ಪೊಲೀಸರು ಇಳಿಸಿದರು. ಥಾರ್ನ್‌ಹೈತ್ ಟೌನ್ ಫುಟ್‌ಬಾಲ್ ಕ್ಲಬ್ಬಿನಿಂದ ಶಾಶ್ವತ ನಿಷೇಧ. ಕಾಗದ ಬಂತು, ಪೆಲ್‌ಹ್ಯಾಮ್‌ನ ಸಹಿ. ನವೆಂಬರ್ 2ರ ಶನಿವಾರ ಕ್ಲೈವ್ ಸತ್ತ. ಮನೆಯ ಮೆಟ್ಟಿಲ ಮೇಲೆ, ಒಂದು ಕಾಲಿಗೆ ಬೂಟು ಹಾಕಿಕೊಂಡು. ಹೋಗಲು ಯಾವ ಮೈದಾನವೂ ಇರಲಿಲ್ಲ, ಆದರೂ ಶನಿವಾರ, ಆಟದ ದಿನ ಅಂತ ಬೂಟು.

ಅಂತ್ಯಸಂಸ್ಕಾರಕ್ಕೆ ಹದಿನಾಲ್ಕು ಜನ. ಕ್ಲಬ್ಬಿನಿಂದ ಒಂದು ನರಪಿಳ್ಳೆ ಇಲ್ಲ. ಹೂವೂ ಇಲ್ಲ.

ನಾನೇನು ಆ ಕ್ಲಬ್ಬಿನ ಭಕ್ತೆಯಲ್ಲ. ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಆ ಮೈದಾನಕ್ಕೆ ಕಾಲಿಟ್ಟಿಲ್ಲ. ಹಟ. ಮನೆಗೆ ಮಾರಿ, ಊರಿಗೆ ಉಪಕಾರಿ — ನಮ್ಮ ಮನೆಯ ಹಿತ್ತಲಲ್ಲಿ ಮೊಣಕಾಲುದ್ದ ಕಳೆ, ಅಲ್ಲಿ ಗೆರೆ ಎಳೆದ ಹಾಗೆ ಹುಲ್ಲು. ಇಪ್ಪತ್ತೈದನೇ ವಿವಾಹ ವಾರ್ಷಿಕೋತ್ಸವದ ಸಂಜೆ ಮಳೆನೀರು ಇಳಿಸಲು ಮೈದಾನ ಚುಚ್ಚುತ್ತಿದ್ದ. ನಾನು ಹೊಸ ಬಟ್ಟೆ ಹಾಕಿಕೊಂಡು ಒಬ್ಬಳೇ ಉಂಡೆ. ಇನ್ನೂ ಕ್ಷಮಿಸಿಲ್ಲ.

ಆದರೂ ಒಂದು ನಿಮಿಷ ಅವನದು. ಕೊಡಲೇಬೇಕಾದದ್ದು.

ಗುರುವಾರ, ಜನವರಿ 9, ಸಂಜೆ 7

ಫೋನ್. ಉತ್ತರದ ಎಳೆದಾಡುವ ಮಾತು. ನಾರ್ಮನ್ ಡಾಡ್ಸ್ ಅಂತೆ, ಕೆಲ್‌ವಿಕ್ ಕ್ಲಬ್ಬಿನ ಗ್ರೌಂಡ್ಸ್‌ಮನ್, ಮೈದಾನ ನೋಡಿಕೊಳ್ಳುವವನು. ಕೆಲ್‌ವಿಕ್ ಅಂದರೆ ಸ್ಕಾಟ್‌ಲೆಂಡಿನ ಗಡಿಗೆ ಮೂಗು ತಾಗಿಸಿಕೊಂಡಿರುವ ಊರು. ನಾವು ಕೆಂಟ್‌ನ ಕಡಲ ತುದಿ.

"ಕ್ಲೈವ್ ಹೋದ್ರು ಅಂತ ನಂಗೆ ಗೊತ್ತಾಗಿದ್ದು ಕ್ರಿಸ್ಮಸ್ ಹೊತ್ತಿಗೆ ತಾಯಿ. ಫೋನ್ ಎತ್ತಲ್ಲ, ಎತ್ತಲ್ಲ... ಮುನಿಸ್ಕೊಂಡ್ರು ಅಂದ್ಕೊಂಡಿದ್ದೆ. ಬಿತ್ತನೆ ಬೀಜದ ವಿಷಯದಲ್ಲಿ ಸಣ್ಣ ಜಗಳ ಆಗಿತ್ತು ನೋಡಿ."

ಹನ್ನೆರಡು ವರ್ಷ ಪ್ರತಿ ಗುರುವಾರ ಇಬ್ಬರೂ ಮಾತಾಡುತ್ತಿದ್ದರಂತೆ. ಹುಲ್ಲು, ಎರೆಹುಳ, ಮಂಜು. ಅರ್ಧರ್ಧ ಗಂಟೆ! ನನ್ನ ಜೊತೆ ಊಟಕ್ಕೆ ಕೂತರೆ "ಉಪ್ಪು ಕೊಡು" ಬಿಟ್ಟರೆ ಮಾತಿಲ್ಲ.

ಟ್ರೋಫಿಯ ಚೀಟಿ ಎತ್ತಿದಾಗ ಥಾರ್ನ್‌ಹೈತ್ ತಂಡಕ್ಕೆ ಎದುರಾಳಿಯಾಗಿ ಕೆಲ್‌ವಿಕ್ ಬಂದಿದೆ. ಅವರ ಮೈದಾನದಲ್ಲಿ, ಮುಂದಿನ ಶನಿವಾರ ಹದಿನೆಂಟಕ್ಕೆ.

"ನಮ್ಮ ಮೈದಾನ, ನಮ್ಮ ನಿಮಿಷ. ಆಟಕ್ಕೆ ಮುಂಚೆ ಕ್ಲೈವ್ ಹೆಸರು ಹೇಳಿ ಮೌನ ಮಾಡಿಸ್ತೀವಿ. ಕಮಿಟಿ ಒಪ್ಪಿದೆ. ನೀವು ಬರ್ಬೇಕು."

"ಎಷ್ಟು ದೂರ ಗೊತ್ತೇನ್ರೀ?"

"ಗೊತ್ತು. ನಾಲ್ಕು ರೈಲು, ಒಂದು ಬಸ್ಸು. ಕ್ಲೈವ್ ಲೆಕ್ಕ ಹಾಕಿಟ್ಟಿದ್ರು. ಒಂದ್ಸಲ ಬರ್ತೀನಿ ಅಂತಿದ್ರು."

ಬರುತ್ತೇನೆ ಅಂದೆ. ನಾನು ಬರುವುದು ಪೆಲ್‌ಹ್ಯಾಮ್‌ಗೆ ಹೇಳಕೂಡದು ಅಂದೆ. ಅವನಿಗೆ ನನ್ನ ಮುಖ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಶುಕ್ರವಾರ, ಜನವರಿ 17

ಉತ್ತರದಲ್ಲಿ ಭಾರೀ ಮಂಜು. ಡಾಡ್ಸ್ ಫೋನ್. ಮೈದಾನಕ್ಕೆ ಹೊದಿಕೆ ಹೊದಿಸಿದ್ದಾನೆ. ಬೆಳಿಗ್ಗೆ ಹತ್ತಕ್ಕೆ ರೆಫರಿ ಬಂದು ನೆಲ ಹೆಪ್ಪುಗಟ್ಟಿ ಗಟ್ಟಿಯಾಗಿದೆಯೋ ಇಲ್ಲವೋ ನೋಡುತ್ತಾನೆ. ಗಟ್ಟಿಯಾಗಿದ್ದರೆ ಆಟ ಇಲ್ಲ. ಆಟ ಇಲ್ಲದಿದ್ದರೆ ನಿಮಿಷ ಇಲ್ಲ. ನನ್ನ ರೈಲು ಬೆಳಗಿನ ಐದೂ ಕಾಲಿಗೆ.

"ಹತ್ತು ಗಂಟೆ ತನಕ ಕಾಯಕ್ಕಾಗಲ್ವಾ ತಾಯಿ?"

ಕಾದರೆ ಮೂರರ ಆಟಕ್ಕೆ ಮುಟ್ಟುವುದಿಲ್ಲ. ಹೊರಡುವುದೇ. ಎಲ್ಲದಕ್ಕೂ ಕ್ಲೈವ್‌ನನ್ನೇ ಬೈಯಬೇಕು ಅನ್ನಿಸುತ್ತದೆ. ಸತ್ತವನನ್ನು ಬೈಯುವುದು ಹೇಗೆ... ಬೈದೆ. ಮೊಟ್ಟೆ ಬೇಯಿಸುತ್ತಾ ಬೈದೆ.

ಶನಿವಾರ, ಜನವರಿ 18, ಬೆಳಿಗ್ಗೆ 10.40, ರೈಲು

ನೆಲ ಪಾಸಾಯಿತು. ಡಾಡ್ಸ್ ಮೆಸೇಜ್: "ಮೆತ್ತಗಿದೆ. ಬನ್ನಿ."

ಲಂಡನ್ನಿನಲ್ಲಿ ನನ್ನ ಸೀಟಿನಲ್ಲಿ ಇನ್ಯಾರೋ ಕೂತಿದ್ದರು. ಅವರ ಟಿಕೆಟ್‌ನಲ್ಲೂ ಅದೇ ನಂಬರ್. ಬೇರೆ ಡಬ್ಬಿಗೆ ಬಂದರೆ ಎದುರಿಗೇ ಮೂವರು, ಕತ್ತಿಗೆ ಥಾರ್ನ್‌ಹೈತ್‌ನ ಹಸಿರು ಮಫ್ಲರ್. ಹತ್ತು ಗಂಟೆಗೇ ಬಿಯರ್ ಡಬ್ಬಿ. ಅದರಲ್ಲಿ ಒಬ್ಬ, ಕೆಂಪು ಗಡ್ಡದವನು, ನನಗೂ ಒಂದು ಚಾಚಿದ.

"ತಗೊಳ್ಳಿ ಆಂಟಿ, ಚಳಿಗೆ ಒಳ್ಳೇದು. ಎಲ್ಲಿಗೆ?"

"ಸಂಬಂಧಿಕರ ಮನೆಗೆ."

"ನಾವು ಮ್ಯಾಚಿಗೆ. ಅಲ್ಲಿ ಪಿಚ್ ಹೆಪ್ಪುಗಟ್ಟಿರತ್ತೇನೋ ಅಂತ ಜೀವ ಕೈಲಿ ಹಿಡ್ಕೊಂಡಿದ್ವಿ. ನಮ್ದಾದ್ರೆ ಆ ಗೋಳೇ ಇಲ್ಲ. ಪ್ಲಾಸ್ಟಿಕ್ಕು. ಈ ಸೀಸನ್ ಒಂದೂ ರದ್ದಾಗಿಲ್ಲ."

"ನನ್ನ ಮಗಳು ಮಂಗಳವಾರ, ಗುರುವಾರ ಆಡ್ತಾಳೆ ಅಲ್ಲಿ," ಅಂದ ಎರಡನೆಯವನು. "ಮುಂಚೆ ಮಕ್ಕಳನ್ನ ಹುಲ್ಲಿನ ಮೇಲೆ ಬಿಡ್ತಾನೇ ಇರ್ಲಿಲ್ಲ ಆ ಮುದುಕ."

"ಯಾವ ಮುದುಕ?" ಕೇಳಬಾರದಿತ್ತು. ಕೇಳಿದೆ.

"ಇದ್ದ ಒಬ್ಬ ಗ್ರೌಂಡ್ಸ್‌ಮನ್. ರೋಲರ್ ಅಡ್ಡ ಹಾಕ್ಕೊಂಡು ಧರಣಿ ಕೂತ! ಹುಲ್ಲಿಗೆ ತಾಳಿ ಕಟ್ಟಿದ ಹಾಗೆ ಆಡ್ತಿದ್ದ. ಪಾಪ, ಸತ್ತೋದ ಈಗ," ಅಂದ ಕೆಂಪು ಗಡ್ಡದವನು.

ಮೂವರೂ ನಕ್ಕರು. ಕೆಟ್ಟ ನಗೆಯಲ್ಲ. ನಾನೂ ಇದೇ ಮಾತು ನೂರು ಸಲ ಅಂದಿದ್ದೇನೆ, ಹೆಚ್ಚುಕಡಿಮೆ ಇದೇ ಶಬ್ದಗಳಲ್ಲಿ. ಆದರೆ ಅದು ನನ್ನ ಹಕ್ಕು. ಇವರು ಯಾರು? ಕಿಟಕಿ ಕಡೆ ತಿರುಗಿ ಕೂತೆ. ಮಗಳ ಆಟದ ಬಗ್ಗೆ ಅವನು ಅಂದದ್ದು ಸರಿ ಅನ್ನಿಸಿತಲ್ಲ, ಅದಕ್ಕೂ ಸಿಟ್ಟು.

ಶನಿವಾರ, ಸಂಜೆ 6.30, ಕೆಲ್‌ವಿಕ್, ಬಾಡಿಗೆ ಕೋಣೆ

ಬರೆಯಲೇಬೇಕು.

ಒಂದು ಮುಕ್ಕಾಲಿಗೆ ಮುಟ್ಟಿದೆ. ಡಾಡ್ಸ್ ಗೇಟಿನಲ್ಲೇ ನಿಂತಿದ್ದ. ಎತ್ತರ, ಬಾಗಿದ ಬೆನ್ನು, ಮೊಣಕಾಲಲ್ಲಿ ಮಣ್ಣು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೊದಿಕೆ ತೆಗೆದನಂತೆ. ಕೈಕುಲುಕಲಿಲ್ಲ, ಸೀದಾ ಮೈದಾನದ ಅಂಚಿಗೆ ಕರೆದುಕೊಂಡು ಹೋದ.

"ಹಿಮ್ಮಡಿ ಒತ್ತಿ ನೋಡಿ."

ಒತ್ತಿದೆ. ನೆಲ ಸ್ವಲ್ಪ ಇಳಿಯಿತು, ಮತ್ತೆ ಮೇಲೆ ಬಂತು.

"ಜನವರೀಲಿ ಇದು ಸಿಗಲ್ಲ. ಕ್ಲೈವ್ ಹೇಳ್ಕೊಟ್ಟಿದ್ದು. ಮರಳು ಯಾವಾಗ ಹಾಕ್ಬೇಕು, ಎಷ್ಟು, ಎಲ್ಲಾ."

ಇಂಥದ್ದನ್ನು ನೋಡಲು ಮನೆಯಿಂದ ನಮ್ಮೂರ ಮೈದಾನಕ್ಕೆ ಹತ್ತು ನಿಮಿಷ ನಡೆದಿದ್ದರೆ ಸಾಕಿತ್ತು. ಮೂವತ್ತೊಂದು ವರ್ಷ ಇತ್ತು.

"ನನ್ನ ಬಗ್ಗೆ ಏನಾದ್ರೂ ಅಂತಿದ್ರಾ?" ಅಂತ ಕೇಳಿದೆ.

ಡಾಡ್ಸ್ ಯೋಚಿಸಿದ. ಸುಳ್ಳು ಹೇಳಲು ಬಾರದ ಮನುಷ್ಯ. "ಇಲ್ಲ ತಾಯಿ. ಬರೀ ಹುಲ್ಲು."

ನಗು ಬಂತು.

ನಡು ಮೈದಾನಕ್ಕೆ ಬಂದು ನಿಲ್ಲಿ ಅಂದ. ಒಲ್ಲೆ ಅಂದೆ. ಕಂಬಿಯ ಹಿಂದೆ, ಊರಿನವರ ನಡುವೆ ಟೋಪಿ ಕೆಳಗೆಳೆದು ನಿಂತೆ. ನಾನೂರು ಜನ ಇರಬಹುದು. ಪೈ, ಬಟಾಣಿಯ ವಾಸನೆ. ಮೂರಕ್ಕೆ ಎರಡು ನಿಮಿಷ ಇರುವಾಗ ತಂಡಗಳು ವೃತ್ತದ ಸುತ್ತ ನಿಂತವು. ಸ್ಪೀಕರಿನಲ್ಲಿ ಹೇಳಿದರು: "ಥಾರ್ನ್‌ಹೈತ್ ಟೌನ್‌ನ ಮೈದಾನವನ್ನ ಮೂವತ್ತೊಂದು ವರ್ಷ ಕಾಪಾಡಿದ ಕ್ಲೈವ್ ಪ್ರೌಟ್ ಅವರಿಗಾಗಿ..." ಅಪರಿಚಿತ ಜನ ಟೋಪಿ ತೆಗೆದರು. ರೆಫರಿ ಸೀಟಿ ಊದಿದ.

ಎಂಥ ಮೌನ! ಹಡಗುಕಟ್ಟೆಯ ಕಡೆಯಿಂದ ಹಗ್ಗ ಕಂಬಕ್ಕೆ ಬಡಿಯುವ ಸದ್ದು ಕೂಡ ಕೇಳುತ್ತಿತ್ತು. ಸಿಕ್ಕಿತು ನಿನಗೆ, ಅಂದುಕೊಂಡೆ. ತಗೋ.

ಆಗ ಕಂಡ. ಆಟಗಾರರ ಸಾಲಿನ ತುದಿಯಲ್ಲಿ, ಉದ್ದ ಕೋಟು, ತೋಳಿಗೆ ಕಪ್ಪು ಪಟ್ಟಿ. ಪತ್ರಿಕೆಯಲ್ಲಿ ನೋಡಿದ ಮುಖ, ಪೆಲ್‌ಹ್ಯಾಮ್. ಯಾರು ಕರೆದರು ಇವನನ್ನು? ತಲೆ ತಗ್ಗಿಸಿ, ಕೈ ಮುಂದೆ ಕಟ್ಟಿ, ಕಣ್ಣು ಮುಚ್ಚಿ ನಿಂತಿದ್ದ. ಮುಂದೆ ಅವರ ಕ್ಲಬ್ಬಿನ ಕ್ಯಾಮೆರಾದವನು ಮಂಡಿಯೂರಿ ಕ್ಲಿಕ್ ಕ್ಲಿಕ್. ಪೆಲ್‌ಹ್ಯಾಮ್ ಒಂದು ಕಣ್ಣು ತೆರೆದ. ಕ್ಯಾಮೆರಾ ನೋಡಿದ. ಮುಖ ಒಂಚೂರು ಆ ಕಡೆ ತಿರುಗಿಸಿ ಮತ್ತೆ ಮುಚ್ಚಿಕೊಂಡ.

"ನಾಟಕ ಸಾಕು! ತಲೆ ಎತ್ತೋ ಮೋಸಗಾರ!"

ನನ್ನದೇ ದನಿ. ಅಷ್ಟು ದೊಡ್ಡ ದನಿ ನನ್ನಲ್ಲಿದೆ ಅಂತ ಗೊತ್ತಿರಲಿಲ್ಲ. ಇನ್ನೂ ಏನೇನೋ ಅಂದೆ. ನಾನೂರು ಮುಖ ತಿರುಗಿದವು. ರೆಫರಿ ಗಾಬರಿಯಾಗಿ ಸೀಟಿ ಊದಿಬಿಟ್ಟ. ಮುಗಿಯಿತು. ಪಕ್ಕದ ಮುದುಕಿ ದೂರ ಸರಿದಳು. ಆ ಕಡೆಯಿಂದ ಕೆಂಪು ಗಡ್ಡದವನು, ಹುಲ್ಲಿಗೆ ತಾಳಿ ಅಂದವನು, ಅಳುವ ದನಿಯಲ್ಲಿ ಕೂಗಿದ:

"ಥೂ! ಸತ್ತೋರಿಗೆ ಮರ್ಯಾದೆ ಕೊಡಕ್ಕೂ ಬರಲ್ವಾ ಆಂಟಿ? ಅವ್ರು ನಮ್ಮ ಕ್ಲೈವ್ ಕಣ್ರೀ!"

ನಮ್ಮ ಕ್ಲೈವ್!

ಡಾಡ್ಸ್ ಬಂದು ತೋಳು ಹಿಡಿದು ರೋಲರಿನ ಶೆಡ್ಡಿಗೆ ಕರೆದುಕೊಂಡು ಹೋದ. ಟೀ ಕೊಟ್ಟ. ಮೌನದ ಹೊತ್ತು ಎಣಿಸುತ್ತಿದ್ದ ಗಡಿಯಾರ ಇನ್ನೂ ಅವನ ಕೈಯಲ್ಲೇ ಇತ್ತು.

"ಎಷ್ಟಾಯ್ತು?" ಅಂದೆ.

"ಇಪ್ಪತ್ತೆಂಟು ಸೆಕೆಂಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಪೆಲ್‌ಹ್ಯಾಮ್ ಶೆಡ್ಡಿನ ಬಾಗಿಲಿಗೇ ಬಂದ, ಯಾರದು ಆ ಹೆಂಗಸು ಅಂತ ಕೇಳಲು. ಡಾಡ್ಸ್ ಬಾಗಿಲು ಅರ್ಧ ಎಳೆದು, "ನಮ್ಮೂರಿನವ್ರಲ್ಲ ಸಾರ್, ಗೊತ್ತಿಲ್ಲ" ಅಂದ. ಸುಳ್ಳು ಹೇಳಲು ಬಾರದವನು ನನಗಾಗಿ ಹೇಳಿದ.

ಭಾನುವಾರ, ಜನವರಿ 19, ರೈಲು

ಡಾಡ್ಸ್ ಬಸ್ ಸ್ಟಾಪಿನವರೆಗೆ ಬಂದಿದ್ದ. ಕ್ಲೈವ್‌ಗೆ ಇದು ಇಷ್ಟವಾಗುತ್ತಿತ್ತು ಅಂತ ಹೇಳುತ್ತಾನೇನೋ ಅಂದುಕೊಂಡೆ. ಹೇಳಲಿಲ್ಲ. ಅವನಿಗೂ ಗೊತ್ತು. ಕ್ಲೈವ್‌ಗೆ ರಂಪ ಅಂದರೆ ಆಗುತ್ತಿರಲಿಲ್ಲ. ಅಂಗಡಿಯಲ್ಲಿ ನಾನು ದನಿ ಏರಿಸಿದರೆ ಕಿವಿ ಕೆಂಪಾಗಿಸಿಕೊಂಡು ಹೊರಗೆ ಹೋಗಿ ನಿಲ್ಲುತ್ತಿದ್ದ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಮನೆಯಲ್ಲಿ ಅವನು ಹುಲ್ಲಿನ ಮಾತೆತ್ತಿದಾಗಲೆಲ್ಲ ಬಾಯಿ ಮುಚ್ಚಿಸಿದ್ದೆ. ಅದಕ್ಕೇ ಅವನು ಗುರುವಾರ ಯಾರ ಹತ್ತಿರವೋ ಮಾತಾಡಿದ. ಅವನಿಗಾಗಿ ನನ್ನ ಬಾಯಿ ಒಂದು ನಿಮಿಷ ಮುಚ್ಚಬೇಕಿತ್ತು, ಅಷ್ಟೆ. ಆಗಲಿಲ್ಲ. ನನ್ನ ಗಂಡನ ನಿಮಿಷವನ್ನು ಪೆಲ್‌ಹ್ಯಾಮ್ ಕದ್ದ ಅಂತ ಇಷ್ಟು ದಿನ ಬೈದೆ. ಕದ್ದವಳು ನಾನು.

ಅಂದಹಾಗೆ ಥಾರ್ನ್‌ಹೈತ್ ಎರಡು ಗೋಲಿನಿಂದ ಸೋತಿತು. ಒಳ್ಳೆಯದೇ ಆಯಿತು.

ಮಂಗಳವಾರ, ಜನವರಿ 21

ಅಡುಗೆಮನೆಗೆ ಕಾಲಿಟ್ಟ ಕೂಡಲೇ ಜತೆಗೆ ಕೆಲಸ ಮಾಡುವ ಬ್ರಿಜೆಟ್ ಬಂದು ತಬ್ಬಿಕೊಂಡಳು.

"ಓದ್ದೆ ಕಣೇ ನೋರೀನ್. ನಿಮ್ಮನೆಯವ್ರ ಮೌನಾಚರಣೆ ಯಾವಳೋ ಹಾಳುಮಾಡಿದ್ಲಂತೆ? ಅವಳ ಬಾಯಿಗೆ ಹುಳ ಬೀಳ!"

"ಹೌದಂತೆ," ಅಂದೆ. ಆಲೂಗಡ್ಡೆ ಸುಲಿಯಲು ಕೂತೆ.

ಅವಳ ಫೋನಿನಲ್ಲೇ ಓದಿದೆ. ಕ್ಲಬ್ಬಿನ ಹೇಳಿಕೆ, ಮೇಲೆ ಪೆಲ್‌ಹ್ಯಾಮ್‌ನ ತಲೆತಗ್ಗಿಸಿದ ಫೋಟೋ. ನಾಚಿಕೆಗೇಡಿನ ಘಟನೆ. ಪ್ರೌಟ್ ಕುಟುಂಬದ ಕ್ಷಮೆ ಕೋರುತ್ತೇವೆ. ಆ ಮಹಿಳೆಯ ಹೆಸರು ಗೊತ್ತಿರುವವರು ತಿಳಿಸಿ, ಶಾಶ್ವತ ನಿಷೇಧ ಹೇರಲಾಗುವುದು. ಕ್ಲೈವ್ ಅವರಿಗೆ ಆದ ಅವಮಾನ ಸರಿಪಡಿಸಲು ಅವರ ಮೇಲಿದ್ದ ನಿಷೇಧ ರದ್ದು. ಈ ಶನಿವಾರ ನಮ್ಮದೇ ಮೈದಾನದಲ್ಲಿ ಪೂರ್ತಿ ಒಂದು ನಿಮಿಷ.

ಮನೆಗೆ ಬಂದರೆ ಬಾಗಿಲಲ್ಲಿ ಕಾಗದ. "ಮಿಸೆಸ್ ಪ್ರೌಟ್, ತಾವು ನಡು ವೃತ್ತದಲ್ಲಿ ನನ್ನ ಪಕ್ಕದಲ್ಲಿ ನಿಲ್ಲಬೇಕೆಂದು ಕೋರಿಕೆ."

ಮೂರು ಸಲ ಬೇಡಿದಾಗ ಕೊಡದಿದ್ದದ್ದು! ಕ್ಲೈವ್‌ಗೆ ಅವನದೇ ಜಾಗ, ಅವನದೇ ಜನ, ನಿಷೇಧವೂ ಇಲ್ಲ. ನಾನು ಮಾಡಬೇಕಾದದ್ದು ಇಷ್ಟೇ. ಕಪ್ಪು ಕೋಟು ಹಾಕಿಕೊಂಡು, ಆ ಮನುಷ್ಯನ ಪಕ್ಕದಲ್ಲಿ, ಪ್ಲಾಸ್ಟಿಕ್ಕಿನ ಮೇಲೆ ಅರವತ್ತು ಸೆಕೆಂಡು ಬಾಯಿ ಮುಚ್ಚಿಕೊಂಡಿರುವುದು. ಆಮೇಲೆ ಇರುವಷ್ಟು ದಿನವೂ ಮುಚ್ಚಿಕೊಂಡಿರುವುದು.

ನಿಜ ಹೇಳಿದರೆ ನಿಮಿಷ ಹೋಗುತ್ತದೆ. ಹೇಳದಿದ್ದರೆ ಆ ಕೆಂಪು ಗಡ್ಡದವನು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ...

ಸಂಜೆ 5.10

ಕಾಗದಕ್ಕೆ ಉತ್ತರ ಬರೆಯಬೇಕು. ಇಲ್ಲೇ ಮೊದಲು ಬರೆದು ನೋಡುತ್ತೇನೆ.

ಮಾನ್ಯ ಅಧ್ಯಕ್ಷರಿಗೆ. ಶನಿವಾರ ಬರುತ್ತೇನೆ. ಅದಕ್ಕೆ ಮೊದಲು ತಮಗೆ ಒಂದು ಹೆಸರು ತಿಳಿಸಬೇಕು, ತಾವು ಹುಡುಕುತ್ತಿರುವ ಆ ಮಹಿಳೆಯದು.