ಆಮೆಮರಿಗಳಿಗೆ ದಾರಿ ಬಿಡಿಸಿದ ಸಂಜೆ

ಹೊಲಿಗೆ ಅಂಗಡಿಯಿಂದ,
ಫೆಬ್ರವರಿ ೧೮, ಮಧ್ಯಾಹ್ನ

ನನ್ನ ಮುದ್ದು ಗುಬ್ಬಿಗೆ ಅಮ್ಮನ ಪ್ರೀತಿ.

ಹೇಗಿದ್ದೀಯೇ? ಆಸ್ಪತ್ರೆಯಲ್ಲಿ ಇನ್ನೂ ರಾತ್ರಿ ಪಾಳಿಯೇ? ರೋಗಿಗಳಿಗೆಲ್ಲ ಹೊತ್ತುಹೊತ್ತಿಗೆ ಊಟ ಮಾಡಿ ಎನ್ನುವ ನರ್ಸಮ್ಮ ತಾನು ಮಾತ್ರ ಬಿಸ್ಕತ್ತಿನಲ್ಲೇ ದಿನ ದೂಡುತ್ತಾಳೆ ಎಂದು ನಿನ್ನ ಗೆಳತಿ ಚಾಡಿ ಹೇಳಿದ್ದಾಳೆ, ಜೋಕೆ! ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ. ಈ ಕಾಗದ ನಿನ್ನಪ್ಪನ ವಿಷಯಕ್ಕೆ.

ಟ್ರಾಫಿಕ್ ಪೊಲೀಸ್ ಕೆಲಸದಿಂದ ನಿವೃತ್ತರಾದಾಗಿನಿಂದ ಅವರು ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಏನು ಕೇಳಿದರೂ ಬರೀ ಹೂಂ ಎನ್ನುತ್ತಿದ್ದರು. ಅಂಗಡಿ ಮುಚ್ಚಿ ಇಬ್ಬರೂ ಬಂದುಬಿಡಿ, ಇಲ್ಲಿ ಮನೆ ನೋಡಿದ್ದೇನೆ ಎಂದು ನೀನು ಹೇಳಿದ ಮೇಲಂತೂ ನನಗೂ ನಿದ್ದೆಯಿಲ್ಲ. ಅಷ್ಟರಲ್ಲಿ, ನಾನು ದೋಣಿಯ ಚಾವಣಿಗೆ ಕ್ಯಾನ್ವಾಸ್ ಹೊಲಿದುಕೊಟ್ಟಿದ್ದೆನಲ್ಲ, ಆ ದೋಣಿಯವನು ಬಂದು, "ಅಕ್ಕಾ, ಭಾನುವಾರ ಬಂಡೆಯಾಚೆ ತೀರಕ್ಕೆ ಹೋಗ್ತಿದೀನಿ, ಯಜಮಾನ್ರನ್ನೂ ಕರ್ಕೊಂಡು ಬನ್ನಿ" ಅಂದ. ಅಲ್ಲಿಗೆ ರಸ್ತೆಯಿಲ್ಲ, ಅಲ್ಲಿ ಅಂಗಡಿಯಿಲ್ಲ, ಫೋನೂ ಸಿಗುವುದಿಲ್ಲ. ನಿನ್ನಪ್ಪನನ್ನು ಹೊರಡಿಸುವಷ್ಟರಲ್ಲಿ ನನಗೆ ಸಾಕೋಸಾಕಾಯಿತು. ಹೊರಟರು ನೋಡು, ಪಾಲಿಶ್ ಮಾಡಿದ ಡ್ಯೂಟಿ ಬೂಟು ಹಾಕಿಕೊಂಡು!

ದೋಣಿ ಹತ್ತುವ ಮೊದಲೇ ಅವರು ಬಾಯಿ ಬಿಟ್ಟರು: "ಲೈಫ್ ಜಾಕೆಟ್ ಎಲ್ಲಪ್ಪಾ?" ದೋಣಿಯವನು ತಲೆ ಕೆರೆದುಕೊಳ್ಳುತ್ತಾ ಮನೆಗೆ ಓಡಿಹೋಗಿ ತಂದ. ಜೊತೆಗೆ ಬಂದಿದ್ದ ನಮ್ಮೂರ ಬ್ಯಾಂಕಿನವರದ್ದೂ ಸೇರಿಸಿ ಒಬ್ಬೊಬ್ಬರ ಬಕಲ್ ಎಳೆದು ನೋಡಿದ ಮೇಲೆಯೇ ಇವರು ಹೊರಡಲು ಬಿಟ್ಟದ್ದು. ಮ್ಯಾನೇಜರ್ ಸಾಹೇಬರ ಹೊಟ್ಟೆಗೆ ಪಟ್ಟಿ ಸಾಲದೆ ನಾನೇ ಸಡಿಲಿಸಿಕೊಟ್ಟೆ, ದರ್ಜಿ ಜೊತೆಗಿದ್ದದ್ದು ಒಳ್ಳೆಯದೇ ಆಯಿತು. ಆ ತೀರವೋ, ಏನು ಹೇಳಲಿ! ಕೆಂಪು ಏಡಿಗಳು ನಮ್ಮನ್ನು ಕಂಡದ್ದೇ ತಡ, ಪಟಪಟನೆ ಬಿಲ ಸೇರಿದವು. ಉಡವೊಂದು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮುಂದಿನಿಂದ ಹಾದುಹೋಯಿತು. ದೂರದಲ್ಲಿ ಡಾಲ್ಫಿನ್‌ಗಳು ಬೆನ್ನು ತೋರಿಸಿ ಮುಳುಗಿದವು. ಬಂಡೆಯ ಬಳಿ ಸೆಳೆತವಿದೆ ಎಂದು ದೋಣಿಯವನು ಹೇಳಿದ್ದರಿಂದ ಮೊಣಕಾಲುದ್ದದ ನೀರಿನಲ್ಲೇ ನಿಂತು, ಅಲೆ ಬಂದಾಗಲೆಲ್ಲ ಚಿಕ್ಕ ಹುಡುಗಿಯ ಹಾಗೆ ಕೂಗಿದೆ. ನಿನ್ನಪ್ಪ ಮಾತ್ರ ಬೂಟನ್ನೂ ಬಿಚ್ಚದೆ ನೆರಳಿನಲ್ಲಿ ಕೂತುಬಿಟ್ಟರು.

ಸಂಜೆಯಾಗುತ್ತಿದ್ದಂತೆ ಮೋಡ ಕವಿಯಿತು. ನಾವು ಸಾಮಾನು ಕಟ್ಟುತ್ತಿದ್ದಾಗ ಪಕ್ಕದ ಮರಳು ಅಲುಗಿ, ಅದರೊಳಗಿಂದ ಪುಟ್ಟ ಪುಟ್ಟ ಆಮೆಮರಿಗಳು ಒಂದರ ಮೇಲೊಂದು ಬಿದ್ದು ಹೊರಬಂದವು! ಅಲ್ಲಿ ಆಮೆಗೂಡುಗಳನ್ನು ಕಾಯುವ ಹೆಂಗಸೊಬ್ಬಳು ಓಡಿಬಂದು, "ಟಾರ್ಚ್ ಬೇಡ, ಗಲಾಟೆ ಬೇಡ, ಅವುಗಳ ದಾರಿಗೆ ಅಡ್ಡ ಬರಬೇಡಿ" ಎಂದು ಕೈಮುಗಿದಳು. ಯಾರು ಕೇಳುತ್ತಾರೆ! ಬ್ಯಾಂಕಿನವರು ಫೋನು ಹಿಡಿದು ನುಗ್ಗಿದರು. ನಾನೇನು ಕಮ್ಮಿಯೇ, ಪಾಪ, ಅಷ್ಟು ದೂರ ಹೇಗೆ ನಡೆದಾವು ಎಂದು ತುಂಬಿಕೊಂಡು ಹೋಗಿ ನೀರಿಗೆ ಬಿಡಲು ಬಿಸಿಲಿಗೆಂದು ಹಾಕಿದ್ದ ಟೋಪಿ ತೆಗೆದೆ. ಅಷ್ಟರಲ್ಲಿ ನಿನ್ನಪ್ಪ ನಡುವೆ ಬಂದು, ಎದೆಯುಬ್ಬಿಸಿ, ಒಂದು ಅಂಗೈ ನಮ್ಮ ಕಡೆ ಚಾಚಿ ನಿಂತರು. ಮ್ಯಾನೇಜರ್ ನಿಂತಲ್ಲೇ ನಿಂತರು, ನಾನೂ ನಿಂತೆ. ಇನ್ನೊಂದು ಕೈಯನ್ನು ನಿಧಾನವಾಗಿ ಬೀಸುತ್ತಾ ಮರಿಗಳಿಗೆ "ಹೋಗಿ, ಹೋಗಿ" ಎಂದು ಸನ್ನೆ ಮಾಡುತ್ತಿದ್ದರು ಕಣೇ! ಕೊನೆಯ ಕುಂಟು ಮರಿಯೊಂದು ಮೂರು ಸಲ ಮಗುಚಿ ಬಿತ್ತು. ಅದು ತಾನಾಗಿಯೇ ಏಳುವವರೆಗೂ ಇವರು ಕೈ ಇಳಿಸಲಿಲ್ಲ. ಅಲೆ ಬಂದು ಬೂಟಿನೊಳಗೆ ನೀರು ತುಂಬಿದರೂ ಕದಲಲಿಲ್ಲ. ಮರಿ ಅಲೆಯೊಳಗೆ ಮರೆಯಾದ ಮೇಲೆ ನನ್ನ ಕಡೆ ತಿರುಗಿ ನಕ್ಕರು. ಎಷ್ಟು ದಿನವಾಗಿತ್ತು ಆ ನಗು ನೋಡಿ! ನನಗೆ ಅಳುವೇ ಬಂತು. ದೋಣಿಯಲ್ಲಿ ಬರುವಾಗ ಮ್ಯಾನೇಜರಿಗೆ ಆಮೆಗಳ ಬಗ್ಗೆ ಪಾಠ ಹೇಳಿದರು, ಆ ಕಾವಲು ಹೆಂಗಸಿನಿಂದ ಆಗಷ್ಟೇ ಕೇಳಿಸಿಕೊಂಡದ್ದನ್ನು!

ಹೊತ್ತಿಗೆ ಸರಿಯಾಗಿ ತಿನ್ನು, ತಣ್ಣಗಿರು ಮಗಳೇ. ಗೆಳತಿಗೂ ಕೇಳಿದೆನೆಂದು ಹೇಳು.

ನಿನ್ನ
ಅಮ್ಮ

ಮರೆತೆ ನೋಡು: ಆ ಮನೆ ಬೇಡವೆಂದು ಮಾಲೀಕರಿಗೆ ಹೇಳಿಬಿಡು. ಮೊಟ್ಟೆಗಳೆಲ್ಲ ಒಡೆಯುವವರೆಗೆ ಕಾವಲಿಗೆ ದಿನಾ ಬರುತ್ತೀರಾ ಎಂದು ಆ ಹೆಂಗಸು ಹೊರಡುವಾಗ ಕೇಳಿದ್ದಳು. ನಿನ್ನಪ್ಪ ನನ್ನ ಮುಖವನ್ನೂ ನೋಡದೆ, "ಡ್ಯೂಟಿ ಎಷ್ಟೊತ್ತಿಗೆ?" ಅಂದರು.