ಬಣ್ಣ ತಿಳಿಯದ ಪರದೆ

ಗುಗೈ, ಸೇಲಂ
23-11-1997, ಭಾನುವಾರ

ನನ್ನ ಕಮಲಿನಿಗೆ,

ಅಣ್ಣ ಗುರುಚರಣನ ಆಶೀರ್ವಾದ. ಇಲ್ಲಿ ಅಪ್ಪ ಅಮ್ಮ ಉಸಿರಾಡಿಕೊಂಡಿದ್ದಾರೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ. ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ತಡವಾದದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಮೂರು ಇನ್‌ಲ್ಯಾಂಡ್ ಹರಿದು ಹಾಕಿದೆ. ನಿನ್ನ ಮದುವೆಯಾದಂದಿನಿಂದ ‘ಚಿ. ಸೌ. ಕಮಲಿನಿ’ ಎಂದೇ ಬರೆದು ರೂಢಿಯಾದ ಕೈ ಇದು. ಮೂರು ಸಲವೂ ಅದನ್ನೇ ಬರೆಯಿತು. ಬರೆದ ‘ಸೌ’ವನ್ನು ಹೊಡೆದುಹಾಕಿ ನಿನಗೆ ಕಳಿಸಲೇ? ಹರಿಯುವುದೇ ವಾಸಿ ಅನ್ನಿಸಿತು. ಇದು ಲ್ಯಾಬಿನ ಪ್ರಿಂಟರಿನ ಕಾಗದ, ಅಂಚಿನ ತೂತುಗಳಿಗೆ ಬೇಸರ ಮಾಡಿಕೊಳ್ಳಬೇಡ.

ಕಂಪನಿಯಿಂದ ಕಾಗದ ಬಂದ ಮೇಲೂ ನಿಮ್ಮತ್ತೆ ಮುನಿರತ್ನಮ್ಮನವರು ಮಗ ಸುಧೀಂದ್ರ ತೀರಿಹೋಗಿಲ್ಲ ಎಂದೇ ಹಟ ಹಿಡಿದಿದ್ದಾರೆಂದು ಬರೆದಿದ್ದೀಯೆ. “ಪೇಪರ್ ಯಾರ್ ಬೇಕಾದ್ರೂ ಅಚ್ಚಡಿಸ್ತಾರೆ. ನಮ್ ಗುರು ಮಿಷಿನ್ನಾಗೇ ನೋಡವ್ನೆ. ಮಿಷಿನ್ ಪೊಯ್ ಹೇಳ್ತದಾ, ಸುಳ್ ಹೇಳ್ತದಾ?” ಎನ್ನುತ್ತಾರಂತೆ. ದಿನಾ ಮಧ್ಯಾಹ್ನ ಸುಧೀಂದ್ರನಿಗೊಂದು ಎಲೆ ಹಾಕುತ್ತಾರಂತೆ. ನಿನ್ನ ಬಳೆ ಮುಟ್ಟಲು ತಾರಮಂಗಲದ ಯಾವ ಹಿರಿಯರನ್ನೂ ಹತ್ತಿರ ಬಿಡುವುದಿಲ್ಲವಂತೆ. ಕೊನೆಯಲ್ಲಿ ನೀನೂ ಬರೆದಿದ್ದೀಯೆ: “ಅಣ್ಣಾ, ನೀನು ಕಣ್ಣಾರೆ ನೋಡ್ದೋನು. ಇನ್ನೊಂದ್ ಸಲ ನೋಡಿ ಬರಿ. ನೀನ್ ಏನ್ ಬರೀತೀಯೋ ಅದನ್ನೇ ನಂಬ್ತೀನಿ.” ಅಯ್ಯೋ ಕಮಲಿ, ಈ ಮಾತನ್ನು ಓದಿ ನನಗೆ ಅನ್ನ ಇಳಿಯುತ್ತಿಲ್ಲ.

ಸರಿ, ಆ ಶುಕ್ರವಾರದಿಂದಲೇ ಹೇಳುತ್ತೇನೆ. ನೀನು ಬಾಗಿಲ ಆಚೆ ನಿಂತು ಕಂಡಿದ್ದು ಸ್ವಲ್ಪವೇ. ಸುಧೀಂದ್ರ ಫಿಟ್ಟರ್ ಆಗಿದ್ದ ಹಡಗು ಬಿರುಗಾಳಿಯಲ್ಲಿ ಮುಳುಗಿತು, ಬಹಳ ಜನರನ್ನು ಕಾಪಾಡಿದ್ದಾರೆ ಎಂದು ಚೆನ್ನೈಯ ಏಜೆಂಟು ಫೋನಿನಲ್ಲಿ ಹೇಳಿದ್ದ. ಯಾರು ಯಾರು ಎಂದು ಕೇಳಿದರೆ, “ಲಿಸ್ಟು ಕಂಪನಿ ವೆಬ್‌ಸೈಟಲ್ಲಿ ಇದೆ, ನೋಡ್ಕೊಳ್ಳಿ” ಎಂದು ಫೋನಿಟ್ಟ, ಪುಣ್ಯಾತ್ಮ! ನೋಡಿಕೊಳ್ಳಲು ಅಪ್ಪನ ಮಗ್ಗದ ಮೇಲೇನು ವೆಬ್‌ಸೈಟು ಹಾಸಿಟ್ಟಿದೆಯೇ? ವಿಳಾಸ ಬರೆದುಕೊಂಡು ನಿನ್ನನ್ನು ಕರೆದುಕೊಂಡು ನಮ್ಮ ಕಾಲೇಜಿನ ಲ್ಯಾಬಿಗೆ ಓಡಿದೆ.

ನಮ್ಮಲ್ಲಿರುವುದು ಅಕ್ಷರ ಮಾತ್ರ ಬರುವ ಇಂಟರ್ನೆಟ್ ಅಕೌಂಟು. ಕಪ್ಪು ಪರದೆ, ಮೌಸು ಗೀಸು ಏನೂ ಇಲ್ಲ. ‘ಲಿಂಕ್ಸ್’ ಎಂದು ಟೈಪ್ ಮಾಡಿ ಪಕ್ಕದಲ್ಲಿ ವಿಳಾಸ ಹೊಡೆದರೆ ಪುಟದಲ್ಲಿರುವ ಬರಹ ಸಾಲು ಸಾಲಾಗಿ ಇಳಿಯುತ್ತದೆ. ಚಿತ್ರವಿರುವ ಕಡೆ ‘ಇಮೇಜ್’ ಎಂಬ ಪದ ಬರುತ್ತದೆ, ಚಿತ್ರ ಬರುವುದಿಲ್ಲ. ಬಣ್ಣವಂತೂ ಇಲ್ಲವೇ ಇಲ್ಲ. ಮೂಲದಲ್ಲಿ ಏನೇ ಬಣ್ಣವಿರಲಿ, ನಮಗೆ ಎಲ್ಲ ಅಕ್ಷರವೂ ಒಂದೇ ಬೂದಿ ಬಣ್ಣ.

ಎರಡು ಸಲ ಲೈನು ಕಡಿದುಹೋಯಿತು. ಮೂರನೆಯ ಸಲಕ್ಕೆ ಪುಟ ಬಂತು. ಮೇಲೆ ಹಡಗಿನ ಹೆಸರು, ಕೆಳಗೆ ಇಪ್ಪತ್ತೆರಡು ಹೆಸರು. ನನ್ನ ಪಕ್ಕದಲ್ಲಿದ್ದ ಹಿರಿಯ ಇನ್‌ಸ್ಟ್ರಕ್ಟರ್ ಪಳನಿಯಪ್ಪನ್ ಬೆರಳಿಟ್ಟು ಎಣಿಸುತ್ತಾ ಬಂದು ಹದಿನಾಲ್ಕನೆಯದರ ಹತ್ತಿರ ಸುಧೀಂದ್ರನ ಹೆಸರಿದೆ ಎಂದು ಕಿರುಚಿದರು: “ಇರುಕ್ಕುಪ್ಪಾ, ಪೇರು ಇರುಕ್ಕು!” ಬೆನ್ನಿಗೆ ಹೊಡೆದ ಹೊಡೆತ ಇನ್ನೂ ಉರಿಯುತ್ತದೆ. ಏಸಿ ರೂಮಿನ ನಿಯಮದಂತೆ ನೀನು ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತಿದ್ದೆ. “ಬದುಕವ್ರಾ ಅಣ್ಣಾ?” ಎಂದೆ. “ಬದುಕವ್ನೆ ಕಣವ್ವಾ” ಎಂದೆ ನಾನು.

ಆಮೇಲಿನದು ನಿನಗೇ ಗೊತ್ತು. ನಿಮ್ಮತ್ತೆ ಬೀದಿಯ ಮುತ್ತೈದೆಯರನ್ನೆಲ್ಲ ಕರೆದು ಕೆಂಪು ಗಾಜಿನ ಬಳೆ ತೊಡಿಸಿದರು, ಎಲ್ಲರಿಗಿಂತ ಮೊದಲು ನಿನಗೆ. ದೀಪಾವಳಿಗೆ ಅಪ್ಪ ನೇಯ್ದ ಸೀರೆ ಉಟ್ಟುಕೊಂಡು ಇಲ್ಲಿಗೆ ಬಂದಿದ್ದೆ. ಸುಧೀಂದ್ರ ಯಾವುದೋ ದೇಶದ ಆಸ್ಪತ್ರೆಯಲ್ಲಿರಬೇಕು, ಅದಕ್ಕೇ ಫೋನಿಲ್ಲ ಎಂದು ನೀನೇ ಅಮ್ಮನಿಗೆ ಸಮಾಧಾನ ಹೇಳಿದೆ. ಹದಿನೇಳನೆಯ ದಿನ ಕಂಪನಿಯ ಕಾಗದ ಬಂತು: ಹುಡುಕುವುದನ್ನು ನಿಲ್ಲಿಸಿದ್ದೇವೆ, ನಾಲ್ವರು ಸಿಗಲಿಲ್ಲ, ಅವರಲ್ಲಿ ನಿಮ್ಮವರೂ ಒಬ್ಬರು.

ಮಾರನೆಯ ದಿನವೇ ಫೈವ್ ರೋಡ್ಸಿನ ಕಂಪ್ಯೂಟರ್ ಸೆಂಟರಿಗೆ ಹೋಗಿದ್ದೆ. ಅಲ್ಲಿ ಚಿತ್ರ ಬಣ್ಣ ಎಲ್ಲ ಬರುವ ಮಿಷಿನ್ ಇದೆ. ಅದೇ ಪುಟ ತೆಗೆಸಿದೆ. ಅದೇ ಇಪ್ಪತ್ತೆರಡು ಹೆಸರು. ಹದಿನೆಂಟು ಕಪ್ಪು, ನಾಲ್ಕು ಕೆಂಪು. ಹದಿನಾಲ್ಕನೆಯದು ಕೆಂಪು. ಪಟ್ಟಿಯ ಕೆಳಗೆ ಒಂದು ಸಾಲು: ಕೆಂಪಿನಲ್ಲಿರುವವರು ಇನ್ನೂ ಪತ್ತೆಯಾಗಿಲ್ಲ. ಅದು ಬದುಕಿದವರ ಪಟ್ಟಿಯಲ್ಲ ಕಮಲಿ, ಹಡಗಿನಲ್ಲಿದ್ದವರೆಲ್ಲರ ಪಟ್ಟಿ.

ಮನೆಗೆ ಬಂದು ಹೇಳಿದಾಗ ಅಪ್ಪ ಮಗ್ಗದ ಗುಂಡಿಯಿಂದ ಮೇಲೇಳಲೇ ಇಲ್ಲ. ಲಾಳಿ ಕೈಯಲ್ಲೇ ಹಿಡಿದುಕೊಂಡು, “ಬಣ್ಣ ಗೊತ್ತಾಗ್ದಿರೋ ಮಿಷಿನ್ ನಂಬ್ಕಂಡು ಮಗೀಗೆ ಬಳೆ ತೊಡಿಸ್ದೆಯಲ್ಲೋ” ಎಂದರು. ಏಳು ವರ್ಷಕ್ಕೇ ಕೆಂಪು ನೂಲು ನಾಲ್ಕು ಥರ ಎಂದು ಆರಿಸಿ ಕೊಡುತ್ತಿದ್ದವನು ನಾನು.

ನೀನು ಕೇಳಿದ್ದಕ್ಕೆ ಉತ್ತರ ಇದು: ನಮ್ಮ ಸುಧೀಂದ್ರ ಇಲ್ಲ. ಬರೆದುಬಿಟ್ಟೆ. ಇನ್ನೊಂದು ಸಲ ನೋಡಿದರೂ ಅಷ್ಟೇ, ನೂರು ಸಲ ನೋಡಿದರೂ ಅಷ್ಟೇ. ಅಪ್ಪ ಸ್ಲೇಟು ಕೊಟ್ಟು ಕಲಿಸಿದ ಕನ್ನಡದ ಅಕ್ಷರ ನಿಮ್ಮ ಮನೆಯಲ್ಲಿ ನಿನ್ನೊಬ್ಬಳಿಗೇ ಬರುವುದು, ಮಿಕ್ಕವರಿಗೆಲ್ಲ ತಮಿಳೇ. ಹಾಗಾಗಿ ಇದನ್ನು ನಿಮ್ಮತ್ತೆಗೆ ನೀನೇ ಓದಿ ಹೇಳಬೇಕು. ಮಿಷಿನ್ನಿಗೆ ಬಣ್ಣ ಬರುವುದಿಲ್ಲ, ಗುರು ಮೋಸಹೋದ ಎಂದು ಹೇಳು. ಅವರು ಅತ್ತರೆ ಅಳಲಿ. ಅತ್ತಮೇಲಾದರೂ ನಿನಗೆ ಅಳಲು ಬಿಟ್ಟಾರು.

ದೀರ್ಘಸುಮಂಗಲಿಯಾಗಿ ಬಾಳು ಎಂದು ಮುಗಿಸುತ್ತಿದ್ದೆ. ಈಗ ಏನೆಂದು ಹರಸಲಿ? ಹೊತ್ತಿಗೆ ಸರಿಯಾಗಿ ಒಂದು ತುತ್ತು ಉಣ್ಣು. ದೇವರು ನಿನಗೆ ನಿದ್ದೆ ಕೊಡಲಿ.

ನಿನ್ನ ಅಣ್ಣ,
ಗುರುಚರಣ್

ವಿ. ಸೂ.: ಮಡಚಿ ಕವರಿಗೆ ಹಾಕಿ ಮತ್ತೆ ತೆಗೆದೆ. ಇದನ್ನೂ ಹರಿದರೆ ಐದನೆಯದು ಬರೆಯಲಾರೆ, ಅದಕ್ಕೇ ಕೆಳಗೇ ಸೇರಿಸುತ್ತಿದ್ದೇನೆ. ಪರದೆಗೆ ಬಣ್ಣ ತಿಳಿಯದ್ದು ನಿಜ. ಆದರೆ ಕೊನೆಯ ಸಾಲು ಬಣ್ಣದಲ್ಲಿರಲಿಲ್ಲ, ಅಕ್ಷರದಲ್ಲಿತ್ತು. ಕೆಂಪಿನಲ್ಲಿರುವವರು ಇನ್ನೂ ಪತ್ತೆಯಾಗಿಲ್ಲ ಎಂಬುದು ಆವತ್ತು ನಮ್ಮ ಲ್ಯಾಬಿನ ಪರದೆಯ ಮೇಲೂ ಬಂದಿತ್ತು. ಪಳನಿಯಪ್ಪನ್ ಅಷ್ಟರಲ್ಲಿ ಎದ್ದು ಎಲ್ಲರಿಗೂ ಹೇಳಲು ಓಡಿದ್ದರು. ಬಾಣದ ಕೀ ಒತ್ತಿ ಕೆಳಗಿಳಿದು ಓದಿದವನು ನಾನೊಬ್ಬನೇ. ಇಪ್ಪತ್ತೆರಡರಲ್ಲಿ ಯಾರು ಕೆಂಪು ಎಂದು ತಿಳಿಯುವ ದಾರಿ ಇರಲಿಲ್ಲ. ತಿರುಗಿ ನೋಡಿದೆ, ನೀನು ಬರಿಗಾಲಲ್ಲಿ ನಿಂತಿದ್ದೆ. ಕ್ಯೂ ಕೀ ಒತ್ತಿ ಪುಟ ಮುಚ್ಚಿ ಎದ್ದು ಬಂದೆ. ನೀನು ಕೇಳಿದೆ, ನಾನು ಬದುಕವ್ನೆ ಎಂದೆ. ಫೈವ್ ರೋಡ್ಸಿನ ಆ ಸೆಂಟರಿನ ಮುಂದೆಯೇ ದಿನಾ ನನ್ನ ಬಸ್ಸು ನಿಲ್ಲುತ್ತದೆ. ಹದಿನೇಳು ದಿನ ನಾನು ಇಳಿಯಲಿಲ್ಲ. ನಾನು ಮೋಸಹೋಗಲಿಲ್ಲ ಕಮಲಿ, ನಿನಗೆ ಮೋಸ ಮಾಡಿದೆ. ನಿಮ್ಮತ್ತೆಗೆ ಮೇಲಿನದು ಬೇಡ, ಇದನ್ನೇ ಓದಿ ಹೇಳು. ಎಲೆ ಹಾಕುವುದನ್ನು ನಿಲ್ಲಿಸಲಿ.